ಟೀ ಕೊಟ್ಟಷ್ಟೇ ಸ್ಪ್ಲೈಸ್: ಪೈಪಿನಲ್ಲಿ ಬ್ಯಾಕಪ್ ಸಾಗಿಸಿದ ನನ್ನ ಅನುಭವ

ರಾತ್ರಿ ಹನ್ನೊಂದಕ್ಕೆ ಶುರುವಾದ ಬ್ಯಾಕಪ್ ಬೆಳಗ್ಗೆ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೂ ಮುಗಿದಿರುತ್ತಿರಲಿಲ್ಲ. ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬ್ಯಾಕಪ್ ಇಳಿಸಿಕೊಳ್ಳುವ ಯಂತ್ರ ಹಳೆಯದು, ಎರಡೇ ಕೋರ್. ಒಂದೊಂದು ಸರ್ವರ್‌ನ ಎಲ್‌ವಿಎಂ ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಡಿಸ್ಕ್ ಇದ್ದ ಸ್ಥಿತಿಯ ಪ್ರತಿ) 40 ಜಿಬಿ. ಅದು ಎಸ್‌ಎಸ್‌ಹೆಚ್ (ಯಂತ್ರಗಳ ನಡುವಿನ ಗೂಢಲಿಪಿ ಸಂಪರ್ಕ) ಮೂಲಕ ಬರಬೇಕು, ಡಿಸ್ಕಿನಲ್ಲಿ ಇಮೇಜ್ ಫೈಲ್ ಆಗಿ ಕೂರಬೇಕು, ಅದೇ ಹೊತ್ತಿಗೆ ಡೇಟಾ ಬದಲಾಗಿಲ್ಲ ಎಂದು ತಾಳೆ ನೋಡುವ ಶಾ-256 ಚೆಕ್‌ಸಮ್ಮೂ ಸಿದ್ಧವಾಗಬೇಕು. ಬರೆದಾದ ಮೇಲೆ ಫೈಲನ್ನು ಇನ್ನೊಮ್ಮೆ ಓದಿ ಚೆಕ್‌ಸಮ್ ತೆಗೆಯುವಷ್ಟು ಪುರುಸೊತ್ತು ಆ ಡಿಸ್ಕಿಗೆ ಇರಲಿಲ್ಲ.

ಇದಕ್ಕೆ ಎಲ್ಲರೂ ಬರೆಯುವ ಸಾಲನ್ನೇ ನಾನೂ ಬರೆದಿದ್ದೆ. ಎಸ್‌ಎಸ್‌ಹೆಚ್‌ನಿಂದ ಬಂದದ್ದು ಪೈಪಿನಲ್ಲಿ, ಅಂದರೆ ಒಂದು ಪ್ರೋಗ್ರಾಮಿನ ಡೇಟಾವನ್ನು ಇನ್ನೊಂದಕ್ಕೆ ಹರಿಸುವ ಕೊಳವೆಯಲ್ಲಿ, ಟೀ ಕಮಾಂಡಿಗೆ. ಟೀ ಒಂದು ಪ್ರತಿಯನ್ನು ಫೈಲಿಗೆ ಬರೆದು ಇನ್ನೊಂದನ್ನು ಮುಂದಿನ ಪೈಪಿನಲ್ಲಿ ಶಾ-256 ಪ್ರೋಗ್ರಾಮಿಗೆ ಕೊಡುತ್ತದೆ. ಒಂದು ರಾತ್ರಿ ಕೂತು ಟೀ ಏನು ಮಾಡುತ್ತಿದೆ ಎಂದು ಎಸ್‌ಟ್ರೇಸ್ (ಪ್ರೋಗ್ರಾಮು ಲಿನಕ್ಸ್‌ಗೆ ಕೊಡುವ ಕರೆಗಳನ್ನು, ಅಂದರೆ ಸಿಸ್ಟಮ್ ಕಾಲ್‌ಗಳನ್ನು, ತೋರಿಸುವ ಸಾಧನ) ಹಚ್ಚಿ ನೋಡಿದೆ. ನಮ್ಮಲ್ಲಿದ್ದ ಆವೃತ್ತಿ ಒಂದು ಸಲಕ್ಕೆ 8192 ಬೈಟ್‌ಗಿಂತ ಹೆಚ್ಚು ಓದುತ್ತಿರಲಿಲ್ಲ. ಓದು, ಬರೆ, ಬರೆ. ಓದು, ಬರೆ, ಬರೆ. ತೆರೆಯ ಮೇಲೆ ಇದೇ ಮೂರು ಸಾಲು ಬಿಡುವಿಲ್ಲದೆ ಓಡುತ್ತಿದ್ದವು. 40 ಜಿಬಿಗೆ ಕಡಿಮೆಯೆಂದರೂ 52 ಲಕ್ಷ ಓದು, 1 ಕೋಟಿ 4 ಲಕ್ಷ ಬರಹ. ಪ್ರತಿ ಓದಿನಲ್ಲೂ ಡೇಟಾ ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು) ಪ್ರೋಗ್ರಾಮಿನ ಬಫರ್‌ಗೆ (ತಾತ್ಕಾಲಿಕ ಮೆಮೊರಿ) ನಕಲಾಗುತ್ತದೆ, ಪ್ರತಿ ಬರಹದಲ್ಲೂ ಬಫರ್‌ನಿಂದ ಮತ್ತೆ ಕರ್ನಲ್‌ಗೆ. ಅಂದರೆ 40 ಜಿಬಿ ದಾಟಿಸಲು ಈ ಒಂದು ಮಧ್ಯದ ಪ್ರೋಗ್ರಾಮು 120 ಜಿಬಿ ನಕಲು ಮಾಡುತ್ತಿತ್ತು. ಅದಕ್ಕೆ ಆ ಡೇಟಾದಿಂದ ಏನೂ ಬೇಕಿಲ್ಲ. ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಎರಡು ಕೊಡಕ್ಕೆ ಸುರಿಯುವ ಕೆಲಸ ಅದು.

ಮೊದಲು ಸುಲಭದ ದಾರಿ ನೋಡಿದೆ. ಸಿ ಭಾಷೆಯಲ್ಲಿ ಅದೇ ಕೆಲಸವನ್ನು 64 ಕೆಬಿ ಬಫರ್ ಇಟ್ಟು ಬರೆದೆ. ಸಿಸ್ಟಮ್ ಕಾಲ್‌ಗಳು ಎಷ್ಟೋ ಇಳಿದವು, ಬ್ಯಾಕಪ್ಪೂ ಬೇಗ ಮುಗಿಯತೊಡಗಿತು. ಇಂಥದೇ ತೊಂದರೆ ಇರುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ: ಬಫರ್ ದೊಡ್ಡದು ಮಾಡಿ ನೋಡಿ, ಅಷ್ಟಕ್ಕೇ ಸಾಕಾದರೆ ಮುಂದಕ್ಕೆ ಹೋಗಬೇಡಿ. ನನಗೆ ಸಾಲಲಿಲ್ಲ. ಎಸ್‌ಎಸ್‌ಹೆಚ್‌ನ ಗೂಢಲಿಪಿ ಬಿಡಿಸುವುದು, ಶಾ-256 ಲೆಕ್ಕ ಹಾಕುವುದು, ಇವೆರಡಕ್ಕೇ ಎರಡು ಕೋರ್ ಬೇಕಿತ್ತು. ಮಧ್ಯದವನು ತಿನ್ನುತ್ತಿದ್ದ ಪಾಲನ್ನು ಅವರಿಗೇ ಬಿಟ್ಟುಕೊಡಬೇಕಿತ್ತು.

ಇಲ್ಲಿ ಪೈಪ್ ಒಳಗೆ ಹೇಗಿದೆ ಎಂಬುದು ಗೊತ್ತಿರಬೇಕು. 2005ರ ಲಿನಕ್ಸ್ 2.6.11ರಿಂದ ಪೈಪ್ ಎಂದರೆ ಹದಿನಾರು ಖಾನೆಗಳ ಒಂದು ಸುತ್ತು. ಪ್ರತಿ ಖಾನೆಯಲ್ಲಿ ಡೇಟಾ ಇರುವುದಿಲ್ಲ, ಡೇಟಾ ಇರುವ ಮೆಮೊರಿ ಪುಟದ ವಿಳಾಸ ಇರುತ್ತದೆ. ಪುಟ 4096 ಬೈಟ್. ಹದಿನಾರು ಪುಟಕ್ಕೆ 65,536. ಪೈಪಿನ ಸಾಮಾನ್ಯ ಗಾತ್ರ 64 ಕೆಬಿ ಆಗಿರುವುದು ಈ ಲೆಕ್ಕದಿಂದ. ಖಾನೆಯಲ್ಲಿರುವುದು ವಿಳಾಸ ಮಾತ್ರ ಆದ್ದರಿಂದ, ಡೇಟಾವನ್ನು ಮುಟ್ಟದೆ ವಿಳಾಸವನ್ನೇ ಇನ್ನೊಂದು ಪೈಪಿಗೆ ದಾಟಿಸಬಹುದು. ಲ್ಯಾರಿ ಮೆಕ್‌ವಾಯ್ ಮೊದಲೇ ಮುಂದಿಟ್ಟಿದ್ದ ಈ ಯೋಚನೆಯನ್ನು ಯೆನ್ಸ್ ಆಕ್ಸ್‌ಬೋ 2006ರ 2.6.17ರಲ್ಲಿ ಕರ್ನಲ್‌ಗೆ ತಂದರು. ಅದರಿಂದ ಬಂದ ಎರಡು ಸಿಸ್ಟಮ್ ಕಾಲ್‌ಗಳು ನನಗೆ ಬೇಕಾಗಿದ್ದವು. ಸ್ಪ್ಲೈಸ್ ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಎರಡರಲ್ಲಿ ಒಂದು ಪೈಪ್ ಆಗಿರಲೇಬೇಕು. ಟೀ (ಕಮಾಂಡ್ ಅಲ್ಲ, ಅದೇ ಹೆಸರಿನ ಕಾಲ್) ಒಂದು ಪೈಪಿನಲ್ಲಿರುವುದನ್ನು ಇನ್ನೊಂದು ಪೈಪಿಗೂ ತೋರಿಸುತ್ತದೆ, ಮೊದಲನೆಯದನ್ನು ಖಾಲಿ ಮಾಡದೆ. ಪುಟ ಒಂದೇ, ಅದನ್ನು ಹಿಡಿದುಕೊಂಡವರ ಎಣಿಕೆ ಮಾತ್ರ ಒಂದು ಹೆಚ್ಚುತ್ತದೆ.

ಹಾಗಾಗಿ ನನ್ನ ಪ್ರೋಗ್ರಾಮಿನ ಹೊಟ್ಟೆ ಎರಡೇ ಸಾಲಾಯಿತು. ಬರುವ ಪೈಪಿನಿಂದ ಹೋಗುವ ಪೈಪಿಗೆ ಟೀ. ಬರುವ ಪೈಪಿನಿಂದ ಫೈಲಿಗೆ ಸ್ಪ್ಲೈಸ್. ಮುಗಿಯುವ ತನಕ ಇದೇ. ಬಫರ್ ಎಂಬ ವೇರಿಯಬಲ್ಲೇ ಇಲ್ಲ. ಹತ್ತಿಪ್ಪತ್ತು ಕೆಬಿಯ ಫೈಲುಗಳನ್ನು ಕೊಟ್ಟು ಪರೀಕ್ಷಿಸಿದೆ, ಎಲ್ಲವೂ ಸರಿ ಬಂತು. ಶುಕ್ರವಾರ ರಾತ್ರಿ ನಿಜವಾದ ಬ್ಯಾಕಪ್ಪಿಗೆ ಹಾಕಿದೆ.

ಸೋಮವಾರ ಬೆಳಗ್ಗೆ ನಮ್ಮ ಹುಡುಗ ಬಂದು, "ಸಾರ್, ಮೂರೂ ದಿನದ್ದೂ ಚೆಕ್‌ಸಮ್ ಮ್ಯಾಚ್ ಆಗಿಲ್ಲ" ಅಂದ. ಸ್ನ್ಯಾಪ್‌ಶಾಟ್ ಇರುವ ಸರ್ವರ್‌ನಲ್ಲೂ ಅದೇ ಚೆಕ್‌ಸಮ್ ತೆಗೆದು ಹೋಲಿಸುವ ಪದ್ಧತಿ ನಮ್ಮದು. ಎದೆ ಧಸಕ್ಕೆಂದಿತು. ಮೂರು ದಿನದ ಬ್ಯಾಕಪ್ ಹಾಳಾಗಿದೆ ಎಂದುಕೊಂಡೆ. ಇಮೇಜ್ ಫೈಲಿನ ಮೇಲೆ ನೇರವಾಗಿ ಶಾ-256 ಓಡಿಸಿ ನೋಡಿದರೆ ಅದು ಸರ್ವರ್‌ನದಕ್ಕೆ ಸರಿಯಾಗಿ ಹೊಂದುತ್ತಿದೆ! ಫೈಲ್ ಸರಿ ಇದೆ, ಪೈಪಿನಲ್ಲಿ ಹೋದದ್ದು ಮಾತ್ರ ತಪ್ಪಿದೆ.

ತಪ್ಪು ನನ್ನದೇ, ಆ ಎರಡು ಸಾಲಿನಲ್ಲೇ. ಟೀಗೆ 64 ಕೆಬಿ ಕೇಳಿದ್ದೆ, ಸ್ಪ್ಲೈಸ್‌ಗೂ 64 ಕೆಬಿ ಕೇಳಿದ್ದೆ. ಟೀ ಕೇಳಿದಷ್ಟನ್ನೂ ಕೊಡಬೇಕೆಂದಿಲ್ಲ. ಆ ಕ್ಷಣಕ್ಕೆ ಬರುವ ಪೈಪಿನಲ್ಲಿ 20 ಕೆಬಿ ಇದ್ದರೆ 20 ಕೊಟ್ಟು ಹಿಂತಿರುಗುತ್ತದೆ. ಶಾ-256 ನಿಧಾನವಾಗಿದ್ದು, ಹೋಗುವ ಪೈಪ್ ಭರ್ತಿಯಾಗುತ್ತ ಬಂದಿದ್ದರೆ ಹಿಡಿಸುವಷ್ಟನ್ನು ಮಾತ್ರ ತುಂಬುತ್ತದೆ. ಟೀ ಮುಗಿದು ಸ್ಪ್ಲೈಸ್ ಶುರುವಾಗುವ ನಡುವೆ ಎಸ್‌ಎಸ್‌ಹೆಚ್ ಇನ್ನೂ 12 ಕೆಬಿ ಸುರಿದರೆ, ಸ್ಪ್ಲೈಸ್ 32 ಕೆಬಿಯನ್ನೂ ಫೈಲಿಗೆ ಎಳೆದುಕೊಳ್ಳುತ್ತದೆ. ಆ 12 ಕೆಬಿಯನ್ನು ಶಾ-256 ಕಣ್ಣಲ್ಲೇ ಕಾಣಲಿಲ್ಲ. ನನ್ನ ಪರೀಕ್ಷೆಯ ಸಣ್ಣ ಫೈಲುಗಳು ಒಂದೇ ಸಲಕ್ಕೆ ಪೈಪಿನಲ್ಲಿ ಹಿಡಿದುಬಿಡುತ್ತಿದ್ದರಿಂದ ಇದು ಮೊದಲೇ ಗೊತ್ತಾಗಲಿಲ್ಲ.

ಸರಿಪಡಿಸಿದ್ದು ಹೀಗೆ. ಟೀ ಹಿಂತಿರುಗಿಸಿದ ಸಂಖ್ಯೆಯನ್ನು ಹಿಡಿದುಕೊಂಡು, ಅಷ್ಟು ಬೈಟ್‌ಗಳನ್ನು ಮಾತ್ರ ಫೈಲಿಗೆ ಸ್ಪ್ಲೈಸ್ ಮಾಡುವುದು. ಸ್ಪ್ಲೈಸ್ ಕಡಿಮೆ ಸಾಗಿಸಿದರೆ, ಉಳಿದದ್ದು ಸೊನ್ನೆಯಾಗುವ ತನಕ ಒಳಗಿನ ಲೂಪಿನಲ್ಲಿ ಮತ್ತೆ ಮತ್ತೆ ಕರೆಯುವುದು. ಅದು ಮುಗಿಯದೆ ಮುಂದಿನ ಟೀಗೆ ಹೋಗುವಂತಿಲ್ಲ. ಹೋದರೆ ಈ ಸಲ ಉಲ್ಟಾ, ಉಳಿದ ಬೈಟ್‌ಗಳು ಶಾ-256ಗೆ ಎರಡೆರಡು ಸಲ ಹೋಗುತ್ತವೆ. ಟೀ ಸೊನ್ನೆ ಕೊಟ್ಟರೆ ಆಚೆ ಬರೆಯುವವರು ಯಾರೂ ಇಲ್ಲ, ಡೇಟಾ ಮುಗಿದಿದೆ ಎಂದರ್ಥ. ಷೆಲ್ ಸ್ಕ್ರಿಪ್ಟಿನಲ್ಲಿ ಪೈಪ್‌ಫೇಲ್ ಹಾಕಿದ್ದೂ ಆಗಲೇ. ಅದಿಲ್ಲದಿದ್ದರೆ ಎಸ್‌ಎಸ್‌ಹೆಚ್ ಅರ್ಧದಲ್ಲಿ ಕಡಿದುಹೋದರೂ ಸ್ಕ್ರಿಪ್ಟು ಯಶಸ್ಸು ಎಂದೇ ವರದಿ ಮಾಡುತ್ತದೆ, ಅರ್ಧ ಫೈಲಿನ ಚೆಕ್‌ಸಮ್ಮನ್ನು ಕರಾರುವಾಕ್ಕಾಗಿ ಲೆಕ್ಕಹಾಕಿ ಇಡುತ್ತದೆ.

ಇನ್ನೊಂದು ಕಡೆ ಒಂದು ಸಂಜೆ ಹೋಯಿತು. ಕಡಿದುಹೋದ ಬ್ಯಾಕಪ್ಪನ್ನು ನಿಂತಲ್ಲಿಂದ ಮುಂದುವರಿಸಲು ಫೈಲನ್ನು ಅಪೆಂಡ್ (ಕೊನೆಗೆ ಸೇರಿಸುವ) ಮೋಡ್‌ನಲ್ಲಿ ತೆರೆದೆ. ಸ್ಪ್ಲೈಸ್ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಎಂದು ಕೈಚೆಲ್ಲಿತು. ಪೈಪ್ ಇರಬೇಕಾದಲ್ಲಿ ಟರ್ಮಿನಲ್ಲೋ ಫೈಲೋ ಇದ್ದರೂ ಬರುವುದು ಇದೇ ಸಂದೇಶ, ಹಾಗಾಗಿ ತಪ್ಪು ಜಾಗದಲ್ಲೇ ಹುಡುಕುತ್ತಿದ್ದೆ. ಅಪೆಂಡ್ ಮೋಡ್‌ನಲ್ಲಿ ತೆರೆದ ಫೈಲಿಗೆ ಸ್ಪ್ಲೈಸ್ ಬರೆಯುವುದಿಲ್ಲ. ಸಾಮಾನ್ಯವಾಗಿ ತೆರೆದು, ಎಲ್‌ಸೀಕ್‌ನಿಂದ ಕೊನೆಗೆ ಹೋಗಿ ಬರೆಸಿದರೆ ಆಯಿತು. ಈಗ ನನ್ನ ಪ್ರೋಗ್ರಾಮು ಶುರುವಿನಲ್ಲೇ ಎಫ್‌ಸ್ಟ್ಯಾಟ್ ಮಾಡಿ, ಎರಡೂ ಬದಿ ಪೈಪ್ ಹೌದೇ ಎಂದು ನೋಡಿಕೊಳ್ಳುತ್ತದೆ. ಅಲ್ಲದಿದ್ದರೆ ಹಳೆಯ ಓದು-ಬರೆ ದಾರಿಗೆ ಇಳಿಯುತ್ತದೆ.

ಪೈಪಿನ ಗಾತ್ರವನ್ನೂ ಹೆಚ್ಚಿಸಿದೆ. 2.6.35ರಿಂದ ಇದಕ್ಕೆ ಅವಕಾಶವಿದೆ, ಸಾಮಾನ್ಯ ಬಳಕೆದಾರರಿಗೆ ಮಿತಿ ಸಾಮಾನ್ಯವಾಗಿ 1 ಎಂಬಿ. ಎರಡೂ ಪೈಪುಗಳನ್ನು ಅಷ್ಟಕ್ಕೇರಿಸಿದ ಮೇಲೆ ಎಸ್‌ಎಸ್‌ಹೆಚ್ಚೂ ಶಾ-256ಊ ಒಂದಕ್ಕೊಂದು ಕಾಯುವುದು ಕಡಿಮೆಯಾಯಿತು.

ಇದನ್ನು "ಝೀರೋ ಕಾಪಿ" ಎಂದು ಕರೆಯುವ ರೂಢಿ ಇದೆ. ಪೈಪಿನಿಂದ ಫೈಲಿಗೆ ಹೋಗುವಾಗ ಅದು ಪೂರ್ತಿ ನಿಜವಲ್ಲ. ಪುಟವನ್ನು ನಕಲಿಸದೆ ಸರಿಸು ಎಂದು ಹೇಳುವ ಮೂವ್ ಎಂಬ ಫ್ಲ್ಯಾಗ್ ಇದೆ, ಆದರೆ 2.6.21ರಿಂದ ಅದು ಹೆಸರಿಗಷ್ಟೇ. ನಮ್ಮ ಎಕ್ಸ್ಟ್4 ಡಿಸ್ಕಿನಲ್ಲಿ ಪೇಜ್ ಕ್ಯಾಶ್‌ಗೆ (ಫೈಲಿನ ಪುಟಗಳನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಒಂದು ನಕಲು ಆಗಿಯೇ ಆಗುತ್ತದೆ. ಮೂರಿದ್ದದ್ದು ಒಂದಕ್ಕೆ ಇಳಿಯಿತು, ನನಗೆ ಬೇಕಾಗಿದ್ದದ್ದೂ ಅಷ್ಟೇ. ಟೈಮ್ ಕಮಾಂಡಿನಲ್ಲಿ ಮಧ್ಯದ ಪ್ರೋಗ್ರಾಮಿನ ಯೂಸರ್ ಸಮಯ ಹೆಚ್ಚುಕಡಿಮೆ ಸೊನ್ನೆ. ಬ್ಯಾಕಪ್ ಬೆಳಗಿನ ಜಾವಕ್ಕೇ ಮುಗಿಯತೊಡಗಿತು.

ನಿಜವಾಗಿ ನಕಲಿಲ್ಲದ ದಾರಿ ವಾಪಸ್ಸಿನದು, ಫೈಲಿನಿಂದ ಪೈಪಿಗೆ. ಅಲ್ಲಿ ಪೇಜ್ ಕ್ಯಾಶ್‌ನ ಪುಟವೇ ಪೈಪಿನ ಖಾನೆಯಲ್ಲಿ ಕೂರುತ್ತದೆ. ಇದನ್ನು ಕಣ್ಣಾರೆ ನೋಡಲು ಒಂದು ಸಣ್ಣ ಪ್ರಯೋಗ ಮಾಡಿದೆ. ಒಂದು ಫೈಲಿನಲ್ಲಿ "ರಾಗಿ" ಎಂದು ಬರೆದು ಅದನ್ನು ಪೈಪಿಗೆ ಸ್ಪ್ಲೈಸ್ ಮಾಡಿದೆ. ಪೈಪನ್ನು ಓದುವ ಮೊದಲು ಫೈಲಿನ ಅದೇ ಜಾಗದಲ್ಲಿ "ಗೋಧಿ" ಎಂದು ಬರೆದೆ. ಯುಟಿಎಫ್-8ರಲ್ಲಿ ಎರಡೂ 12 ಬೈಟ್. ಆಮೇಲೆ ಪೈಪನ್ನು ಓದಿದರೆ ಬಂದದ್ದು ಗೋಧಿ. ಪೈಪಿಗೆ ಹಾಕಿಯಾಯಿತು, ಇನ್ನು ಫೈಲಿಗೆ ಏನಾದರೂ ಚಿಂತೆಯಿಲ್ಲ ಎಂದು ತಿಳಿದಿದ್ದ ನಾನು, ಅಂದಿನಿಂದ ರಿಸ್ಟೋರ್ ನಡೆಯುವಷ್ಟು ಹೊತ್ತು ಇಮೇಜ್ ಫೈಲಿಗೆ ಯಾರೂ ಬರೆಯದಂತೆ ಅದನ್ನು ಓದಲಿಕ್ಕೆ ಮಾತ್ರ ಎಂದು ಮಾಡಿಡುತ್ತೇನೆ.

ಈ ಪ್ರಯೋಗ ಮಾಡಿದ್ದರಿಂದಲೇ 2022ರ ಮಾರ್ಚ್‌ನಲ್ಲಿ ಮ್ಯಾಕ್ಸ್ ಕೆಲ್ಲರ್‌ಮನ್ "ಡರ್ಟಿ ಪೈಪ್" ದೋಷವನ್ನು ಹೊರಗೆಡವಿದಾಗ ಅದರ ಗಾಂಭೀರ್ಯ ಓದಿದ ಕೂಡಲೇ ಅರ್ಥವಾಯಿತು. ಖಾನೆಯ ಒಂದು ಫ್ಲ್ಯಾಗನ್ನು ಕರ್ನಲ್ ಅಳಿಸದೆ ಬಿಡುತ್ತಿತ್ತು. ಆದ್ದರಿಂದ ಫೈಲಿನ ಪುಟ ಕೂತಿರುವ ಪೈಪಿಗೆ ಏನನ್ನಾದರೂ ಬರೆದರೆ ಅದು ಆ ಪುಟಕ್ಕೇ ಸೇರಿಕೊಳ್ಳುತ್ತಿತ್ತು, ಬರೆಯುವ ಅನುಮತಿಯೇ ಇಲ್ಲದ ಫೈಲ್ ಆದರೂ. 5.8ರಿಂದ ಈಚಿನ ಕರ್ನಲ್‌ಗಳಿಗೆಲ್ಲ ಅದು ತಗಲಿತ್ತು, 5.16.11, 5.15.25, 5.10.102ರಲ್ಲಿ ಸರಿಪಡಿಸಿದರು. ನಮ್ಮ ಸರ್ವರ್‌ಗಳಲ್ಲಿ ಎರಡು 5.10ರಲ್ಲಿದ್ದವು. ಅವತ್ತು ರಾತ್ರಿ ಬ್ಯಾಕಪ್ ಮುಗಿಯುವುದನ್ನು ಕಾದು, ಚೆಕ್‌ಸಮ್ ಹೊಂದಿದ್ದನ್ನು ನೋಡಿ, ಎರಡನ್ನೂ ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟು ಮನೆಗೆ ಹೊರಟೆ.