ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಮ್ಯೂಸಿಯಂ: ಬೊಲ್ಜಾನೊಗೆ ಹೀಗೆ ಹೋಗಿ ಬನ್ನಿ

ಇಟಲಿ ಅಂದರೆ ರೋಮ್, ವೆನಿಸ್, ಪಿಸಾದ ವಾಲುಗೋಪುರ. ಟೂರ್ ಪ್ಯಾಕೇಜಿನವರು ಅಷ್ಟು ತೋರಿಸಿ ವಾಪಸ್ ಕರೆತರುತ್ತಾರೆ. ಆದರೆ ದೇಶದ ಉತ್ತರ ತುದಿಯಲ್ಲಿ, ಆಸ್ಟ್ರಿಯಾ ಗಡಿಗೆ ಹತ್ತಿರ, ಆಲ್ಪ್ಸ್ ಬೆಟ್ಟಗಳ ನಡುವೆ ಬಟ್ಟಲಿನ ತಳದಲ್ಲಿ ಕೂತಂತೆ ಬೊಲ್ಜಾನೊ ಅನ್ನುವ ಊರಿದೆ. ಜನಸಂಖ್ಯೆ ಸುಮಾರು 1 ಲಕ್ಷ. ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ಬೆಟ್ಟ. ಬೆಟ್ಟದ ಇಳಿಜಾರಿನ ತುಂಬ ದ್ರಾಕ್ಷಿ ತೋಟ.

ಮೂರು ದಿನ ಇಟ್ಟುಕೊಂಡರೆ ಆರಾಮಾಗಿ ನೋಡಬಹುದು. ನಾನು ಒತ್ತಿ ಹೇಳುವುದು ಒಂದೇ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಹೊಳೆ ದಂಡೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರುವುದು ಅಲ್ಲಿ ಮಾಮೂಲು. ಕ್ರಮ ತಿರುಗುಮುರುಗು ಮಾಡಿಕೊಂಡರೆ ಮೇಲೆ ಹೋಗಿ ಮಂಜು ನೋಡಿ ಬರಬೇಕಾಗುತ್ತದೆ.

1. ಮೊದಲು ಎರಡೆರಡು ಹೆಸರು ಬರೆದುಕೊಳ್ಳಿ

ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಪ್ರತಿ ಊರಿಗೂ ಬೀದಿಗೂ ಎರಡು ಹೆಸರು. ಇಟಾಲಿಯನ್‌ನಲ್ಲಿ ಬೊಲ್ಜಾನೊ, ಜರ್ಮನ್‌ನಲ್ಲಿ ಬೋಜೆನ್. ಮೇಲಿನ ಬೆಟ್ಟಕ್ಕೆ ರೆನೋನ್ ಅಂತಲೂ ಹೆಸರು, ರಿಟ್ಟೆನ್ ಅಂತಲೂ ಹೆಸರು. ಹೋಗುವ ಮುಂಚೆ ನಾನು ಪಟ್ಟಿ ಮಾಡಿ ಕೊಲ್ಲಾಲ್ಬೊಗೆ ಅರ್ಧ ದಿನ, ಕ್ಲೋಬೆನ್‌ಸ್ಟೈನ್‌ಗೆ ಅರ್ಧ ದಿನ ಅಂತ ಬರೆದಿದ್ದೆ. ಪುಟ್ಟ ರೈಲಿನಿಂದ ಇಳಿದು ಬೋರ್ಡ್ ನೋಡಿದಾಗಲೇ ಗೊತ್ತಾಗಿದ್ದು, ಎರಡೂ ಒಂದೇ ಊರು!

ಕಾರಣ ಇದೆ. ಮೊದಲ ಮಹಾಯುದ್ಧದವರೆಗೆ ಈ ಪ್ರದೇಶ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. 1919ರ ಒಪ್ಪಂದದಲ್ಲಿ ಇಟಲಿಯ ಪಾಲಾಯಿತು. ಮುಸೊಲಿನಿ ಕಾಲದಲ್ಲಿ ಜರ್ಮನ್ ಶಾಲೆಗಳನ್ನು ಮುಚ್ಚಿಸಿದರು, ಊರುಗಳಿಗೆ ಇಟಾಲಿಯನ್ ಹೆಸರು ಹೇರಿದರು. ದೊಡ್ಡ ಜಗಳಗಳೆಲ್ಲ ಆಗಿ, 1972ರಲ್ಲಿ ಬಂದ ಸ್ವಾಯತ್ತತೆಯ ಕಾನೂನಿನ ನಂತರ ಪರಿಸ್ಥಿತಿ ತಣ್ಣಗಾಯಿತು. ಈಗ ಕಚೇರಿ, ಶಾಲೆ, ಬೋರ್ಡು ಎಲ್ಲ ಕಡೆ ಎರಡೂ ಭಾಷೆ. ಬೆಳಗಾವಿ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಗೆ ಕಾಲಿಟ್ಟಾಗ 'ಬುವೊನ್‌ಜೊರ್ನೊ' ಅನ್ನಿ, ಇಲ್ಲವೇ 'ಗ್ರ್ಯೂಸ್ ಗಾಟ್' ಅನ್ನಿ. ಎರಡೂ ನಡೆಯುತ್ತವೆ.

2. ವೀಸಾ ಮತ್ತು ರೈಲು

ಬೇಕಾಗಿರುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ನಡೆಯುವ ಒಂದೇ ವೀಸಾ. ಹೆಚ್ಚು ದಿನ ಇಟಲಿಯಲ್ಲೇ ಇರುವುದಾದರೆ ಇಟಲಿಗೇ ಅರ್ಜಿ ಹಾಕಬೇಕು. ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆ ಸೀಸನ್ನಿಗೆ ಹೋಗುವವರು ಕೊನೇ ತಿಂಗಳವರೆಗೆ ಕಾಯಬೇಡಿ.

ವಿಮಾನದಲ್ಲಿ ಮಿಲಾನ್, ವೆನಿಸ್ ಅಥವಾ ಜರ್ಮನಿಯ ಮ್ಯೂನಿಕ್‌ಗೆ ಹೋಗಿ, ಅಲ್ಲಿಂದ ರೈಲು ಹಿಡಿಯಿರಿ. ಮಿಲಾನ್, ವೆನಿಸ್ ಕಡೆಯಿಂದ ಬರುವಾಗ ದಾರಿಯಲ್ಲಿ ಸಿಗುವ ವೆರೋನಾದಿಂದ ಬೊಲ್ಜಾನೊಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆ ದಾಟಿ ಬರುವ ರೈಲಿಗೆ ನಾಲ್ಕು ಗಂಟೆ ಹತ್ತಿರ. ದುಡ್ಡಿನ ಲೆಕ್ಕ ಸರಿಹೊಂದಿದರೆ ನಾನು ಮ್ಯೂನಿಕ್ ದಾರಿಯನ್ನೇ ಹೇಳುತ್ತೇನೆ. ಆ ನಾಲ್ಕು ಗಂಟೆ ಕಿಟಕಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ತೆಗೆದುಕೊಂಡರೆ, ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಬಳಿಯ ಸಣ್ಣ ಮಷೀನಿಗೆ ತೂರಿಸಿ ಮುದ್ರೆ ಹೊಡೆಸಿಕೊಳ್ಳಬೇಕು. ಮರೆತರೆ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಬೇಕು. ಇಳಿಯುವಾಗಲೂ ಹುಷಾರು. 'ಬೊಲ್ಜಾನೊ ಸೂದ್' ಅನ್ನುವುದು ಬೇರೆ ಸ್ಟೇಷನ್, ಊರ ಹೊರಗಿದೆ.

ರೂಮು ಬುಕ್ ಮಾಡುವಾಗ 'ಸ್ಯೂಡ್‌ಟಿರೋಲ್ ಗೆಸ್ಟ್ ಪಾಸ್' ಕೊಡುತ್ತೀರಾ ಅಂತ ಕೇಳಿ. ಬೊಲ್ಜಾನೊ ಇರುವ ಪ್ರಾಂತ್ಯದ ಜರ್ಮನ್ ಹೆಸರೇ ಸ್ಯೂಡ್‌ಟಿರೋಲ್. ಪಾಸ್ ಕೊಡುವ ಕಡೆ ಉಳಿದರೆ ಆ ಪ್ರಾಂತ್ಯದ ಬಸ್ಸು, ಪ್ರಾದೇಶಿಕ ರೈಲು, ರೆನೋನ್ ಕೇಬಲ್ ಕಾರು ಎಲ್ಲ ಅದರಲ್ಲೇ ಬರುತ್ತವೆ.

3. ಯಾವಾಗ ಹೋಗಬೇಕು?

ಸೆಪ್ಟೆಂಬರ್. ಬೆಟ್ಟದ ಊರು, ಯಾವಾಗಲೂ ತಂಪಿರುತ್ತದೆ ಅಂತ ಜುಲೈನಲ್ಲಿ ಹೋದವರು ಬೆವರು ಒರೆಸಿಕೊಳ್ಳುತ್ತಾ ಓಡಾಡುತ್ತಾರೆ. ಊರು ಇರುವುದು ಸಮುದ್ರಮಟ್ಟದಿಂದ ಬರೀ 262 ಮೀಟರ್ ಎತ್ತರದಲ್ಲಿ. ಸುತ್ತ ಬೆಟ್ಟ ಅಡ್ಡ ಇರುವುದರಿಂದ ಬಿಸಿ ಗಾಳಿ ಹೊರಗೆ ಹೋಗುವುದಿಲ್ಲ. 35 ಡಿಗ್ರಿ ದಾಟುವ ದಿನಗಳೂ ಉಂಟು. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಕಣಿವೆಯಲ್ಲಿ ಸೇಬು ಕೊಯ್ಲು ನಡೆದಿರುತ್ತದೆ. ಕ್ರಿಸ್‌ಮಸ್ ಸಂತೆಯೂ ಹೆಸರುವಾಸಿ, ಆದರೆ ಆಗ ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ.

4. ಬೆಳಿಗ್ಗೆ ಎದ್ದು ಮೇಲಕ್ಕೆ

ರೈಲ್ವೆ ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ರೆನೋನ್ ಕೇಬಲ್ ಕಾರಿನ ನಿಲ್ದಾಣ. ಹತ್ತಿದ 12 ನಿಮಿಷಕ್ಕೆ ನೀವು ಸುಮಾರು 950 ಮೀಟರ್ ಮೇಲೆ, ಸೊಪ್ರಾಬೊಲ್ಜಾನೊ ಅನ್ನುವ ಹಳ್ಳಿಯಲ್ಲಿರುತ್ತೀರಿ. ಕೆಳಗೆ ಮೊದಲು ಹೆಂಚಿನ ಮನೆಗಳು, ಆಮೇಲೆ ದ್ರಾಕ್ಷಿ ತೋಟ, ಆಮೇಲೆ ಕಾಡು, ಕೊನೆಗೆ ಹುಲ್ಲುಗಾವಲು. ಕಿವಿ ಒಂದು ಸಲ ಟಪ್ ಅನ್ನುತ್ತದೆ, ಅಷ್ಟೇ.

ಅಲ್ಲಿಂದ 1907ರಲ್ಲಿ ಶುರುವಾದ ಪುಟ್ಟ ರೈಲು ಕೊಲ್ಲಾಲ್ಬೊಗೆ ಹೋಗುತ್ತದೆ. ಮೊದಲು ಈ ರೈಲು ಕೆಳಗಿನ ಊರಿನ ಚೌಕದಿಂದಲೇ ಹಲ್ಲಿನ ಹಳಿ ಮೇಲೆ ಬೆಟ್ಟ ಹತ್ತುತ್ತಿತ್ತು. 1966ರಲ್ಲಿ ಕೇಬಲ್ ಕಾರು ಬಂದ ಮೇಲೆ ಆ ಭಾಗ ನಿಂತಿತು, ಮೇಲಿನ ಆರೂವರೆ ಕಿಲೋಮೀಟರ್ ಉಳಿದುಕೊಂಡಿತು. ಹೋಗುವಾಗ ಬಲಗಡೆ ಸೀಟು ಹಿಡಿಯಿರಿ. ಡೊಲೊಮೈಟ್ ಬೆಟ್ಟಗಳು ಆ ಕಡೆಗಿವೆ.

ಕೊಲ್ಲಾಲ್ಬೊದಲ್ಲಿ ಇಳಿದು ಅರ್ಧ ಗಂಟೆ ನಡೆಯಿರಿ. ಸಿಗುವುದು ಮಣ್ಣಿನ ಪಿರಮಿಡ್‌ಗಳು. ಪಿರಮಿಡ್ ಅನ್ನುವುದಕ್ಕಿಂತ ಹುತ್ತ ಅನ್ನುವುದೇ ಸರಿ. ಕಡಿದಾದ ಕೊರಕಲಿನಲ್ಲಿ ತೆಳ್ಳಗೆ ಎದ್ದು ನಿಂತ ಹತ್ತಾರು ಹುತ್ತಗಳು, ಹಲವುದರ ತಲೆ ಮೇಲೆ ಒಂದೊಂದು ಬಂಡೆ. ಹಿಮನದಿ ಕರಗಿ ಹೋಗುವಾಗ ಬಿಟ್ಟ ಜೇಡಿಮಣ್ಣು ಇದು. ಒಣಗಿದಾಗ ಕಲ್ಲಿನ ಹಾಗೆ, ನೆನೆದರೆ ಕೆಸರು. ಮಳೆ ಸುತ್ತಲಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ. ಬಂಡೆಯ ಕೆಳಗಿನ ಮಣ್ಣು ಮಾತ್ರ ಕೊಡೆ ಹಿಡಿದವರ ಹಾಗೆ ಒಣಗಿಯೇ ಉಳಿದು ಕಂಬವಾಗುತ್ತದೆ. ಆ ಬಂಡೆ ಉರುಳಿ ಬಿತ್ತೋ, ಕಂಬದ ಕಥೆ ಮುಗಿಯಿತು. ನಿಧಾನಕ್ಕೆ ಕರಗಿ ಹೋಗುತ್ತದೆ. ಬಂಡೆ ಕಳೆದುಕೊಂಡು ಮೊನಚಾಗುತ್ತಿರುವ ಬೋಳು ಕಂಬಗಳೂ ಅಲ್ಲೇ ಕಾಣುತ್ತವೆ.

5. ಮಧ್ಯಾಹ್ನ ಓಟ್ಸಿಯನ್ನು ನೋಡಿ

ಕೆಳಗಿಳಿದು ಪುರಾತತ್ವ ಮ್ಯೂಸಿಯಂಗೆ ಹೋಗಿ. ಓಟ್ಸಿ ಇರುವುದು ಅಲ್ಲೇ. ಹಿಮದಲ್ಲಿ ಸಿಕ್ಕ ಒಬ್ಬ ಮನುಷ್ಯನ ಹೆಣಕ್ಕೆ ಇಟ್ಟ ಹೆಸರು ಅದು. ಸೀಸನ್ ಬಿಟ್ಟರೆ ಸೋಮವಾರ ರಜೆ, ಮೊದಲೇ ನೋಡಿಕೊಳ್ಳಿ. ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಬಿಸಿಲಲ್ಲಿ ಕ್ಯೂ ನಿಲ್ಲುವುದು ತಪ್ಪುತ್ತದೆ.

1991ರ ಸೆಪ್ಟೆಂಬರ್ 19ರಂದು, 3,210 ಮೀಟರ್ ಎತ್ತರದಲ್ಲಿ ಚಾರಣಕ್ಕೆ ಹೋಗಿದ್ದ ಜರ್ಮನ್ ದಂಪತಿಗೆ ಹಿಮದಲ್ಲಿ ಒಂದು ಹೆಣ ಕಂಡಿತು. ಯಾರೋ ಪಾಪ ಇತ್ತೀಚೆಗೆ ಜಾರಿ ಬಿದ್ದ ಪರ್ವತಾರೋಹಿ ಅಂದುಕೊಂಡರು. ಪರೀಕ್ಷೆ ಮಾಡಿದರೆ 5,000 ವರ್ಷಕ್ಕಿಂತ ಹಳೆಯದು! ಸಿಕ್ಕ ಜಾಗ ಆಸ್ಟ್ರಿಯಾದ್ದೋ ಇಟಲಿಯದ್ದೋ ಅಂತ ಸರ್ವೆ ಮಾಡಿಸಿದರು. ಗಡಿಯಿಂದ ಇಟಲಿ ಕಡೆಗೆ 92 ಮೀಟರ್ ಚಿಲ್ಲರೆ ಒಳಗಿತ್ತು. ಹಾಗಾಗಿ 1998ರಲ್ಲಿ ಬೊಲ್ಜಾನೊಗೆ ಬಂತು.

ಓಟ್ಸಿಯನ್ನು ಮೈನಸ್ 6 ಡಿಗ್ರಿಯ ಕೋಣೆಯಲ್ಲಿಟ್ಟಿದ್ದಾರೆ. ನೋಡಲು ಒಂದು ಸಣ್ಣ ಕಿಟಕಿ, ಒಬ್ಬೊಬ್ಬರೇ ಹೋಗಿ ಬಗ್ಗಿ ನೋಡಬೇಕು. ಆಗಾಗ ನೀರು ಸಿಂಪಡಿಸುವುದರಿಂದ ಮೈ ಮೇಲೆ ತೆಳು ಮಂಜಿನ ಪದರ, ಅದಕ್ಕೇ ಕಂದು ಚರ್ಮ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಎಡಗೈ ಗದ್ದದ ಕೆಳಗೆ ಅಡ್ಡ ಬಂದಿದೆ. ನನ್ನ ಮುಂದಿದ್ದ ಮಕ್ಕಳ ಗುಂಪು ಅಲ್ಲಿಯವರೆಗೆ ಗಲಾಟೆ ಮಾಡುತ್ತಿತ್ತು, ಕಿಟಕಿ ಹತ್ತಿರ ಬಂದದ್ದೇ ಪಿಸುಮಾತಿಗಿಳಿಯಿತು.

ಕಿಟಕಿ ನೋಡಿ ಹೊರಟುಬಿಡಬೇಡಿ. ಅವನ ಸಾಮಾನು ನೋಡಿ. ತಾಮ್ರದ ಕೊಡಲಿ, ಕರಡಿ ಚರ್ಮದ ಟೋಪಿ, ಬೆಚ್ಚಗಿರಲೆಂದು ಒಳಗೆ ಒಣಹುಲ್ಲು ತುಂಬಿದ ಬೂಟು. ಎಡ ಭುಜದಲ್ಲಿ ಬಾಣದ ಮೊನೆ ಇದೆ ಅಂತ ಗೊತ್ತಾಗಿದ್ದು 2001ರ ಎಕ್ಸ್‌ರೇಯಲ್ಲಿ. ಅಂದರೆ ಚಳಿಗೆ ಸತ್ತವನಲ್ಲ, ಹಿಂದಿನಿಂದ ಯಾರೋ ಹೊಡೆದಿದ್ದಾರೆ.

6. ಊಟ

ಹೋಟೆಲುಗಳ ಅಡುಗೆಮನೆ ಎರಡು ಗಂಟೆ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಯೇ. ಮೂರಕ್ಕೆ ಹೋದರೆ ಕಾಫಿ, ಸೇಬಿನ ಸ್ಟ್ರೂಡೆಲ್ ಸಿಗಬಹುದು ಅಷ್ಟೇ.

ಇಲ್ಲಿಯ ಮುಖ್ಯ ತಿನಿಸು ಕ್ನ್ಯೋಡೆಲ್, ಇಟಾಲಿಯನ್‌ನಲ್ಲಿ ಕನೆದೆರ್ಲಿ. ಹಳೇ ಬ್ರೆಡ್ಡಿಗೆ ಹಾಲು, ಮೊಟ್ಟೆ ಸೇರಿಸಿ ಕಟ್ಟಿ ಬೇಯಿಸಿದ ಉಂಡೆ. ನೋಡಲು ಪುಟ್ಟ ಮುದ್ದೆ. ಸಸ್ಯಾಹಾರಿಗಳು ಪಾಲಕ್ ಅಥವಾ ಚೀಸಿನದ್ದನ್ನು ಕೇಳಬೇಕು, ಏಕೆಂದರೆ ಮಾಮೂಲಿ ಉಂಡೆಯಲ್ಲಿ ಸ್ಪೆಕ್ ಅನ್ನುವ ಹಂದಿಮಾಂಸದ ಚೂರು ಇರುತ್ತದೆ. ಸಾರಿನಲ್ಲಿ ಹಾಕಿ ಕೊಡುವುದೂ ಬಹುಪಾಲು ಮಾಂಸದ ಸಾರೇ. 'ಸೆನ್ಜಾ ಕಾರ್ನೆ' ಅಥವಾ 'ಓನೆ ಫ್ಲೈಶ್', ಅಂದರೆ ಮಾಂಸ ಬೇಡ, ಈ ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. ಇನ್ನೊಂದು, ಉಂಡೆಯನ್ನು ಚಾಕುವಿನಿಂದ ಕೊಯ್ದರೆ ಮಾಡಿದವರಿಗೆ ಅವಮಾನ, ಫೋರ್ಕಿನಿಂದಲೇ ಮುರಿಯಬೇಕು ಅಂತಾರೆ. ಮುದ್ದೆಯನ್ನು ಅಗಿಯಬೇಡ, ನುಂಗು ಅನ್ನುವ ನಮ್ಮವರ ನೆನಪಾಯಿತು.

ಹಣ್ಣು ಬೇಕಿದ್ದರೆ ಹಳೇ ಊರಿನ ಹಣ್ಣಿನ ಸಂತೆ ಬೀದಿಗೆ ಹೋಗಿ. ಭಾನುವಾರ ಇರುವುದಿಲ್ಲ. ಮೂಲೆಯಲ್ಲಿ ತ್ರಿಶೂಲ ಹಿಡಿದ ನೆಪ್ಚೂನ್ ದೇವರ ಕಾರಂಜಿ ಇದೆ. ಊರವರು ಆತನಿಗೆ 'ಫೋರ್ಕು ಹಿಡಿದ ಹೋಟೆಲಿನವನು' ಅಂತ ಹೆಸರಿಟ್ಟಿದ್ದಾರೆ.

7. ಸಂಜೆ ಸೇತುವೆ ಮೇಲೆ ನಿಲ್ಲಿ

ಟಾಲ್ವೆರಾ ಹೊಳೆಯ ಸೇತುವೆಗೆ ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಹೋಗಿ, ಪೂರ್ವಕ್ಕೆ ಮುಖ ಮಾಡಿ. ಅಲ್ಲಿ ಕಾಣುವ ಹಲ್ಲುಹಲ್ಲಾದ ಬೆಟ್ಟ ರೋಸೆನ್‌ಗಾರ್ಟೆನ್, ಅಂದರೆ ಗುಲಾಬಿ ತೋಟ. ಲಾರಿನ್ ಅನ್ನುವ ಕುಳ್ಳರ ರಾಜನೊಬ್ಬ ಸೋತು ಸೆರೆ ಸಿಕ್ಕಾಗ, ತನ್ನ ಗುಲಾಬಿ ತೋಟ ಹಗಲಲ್ಲೂ ಕಾಣಬಾರದು, ರಾತ್ರಿಯಲ್ಲೂ ಕಾಣಬಾರದು ಅಂತ ಶಾಪ ಹಾಕಿದನಂತೆ. ಹಿರಣ್ಯಕಶಿಪುವಿನ ಹಾಗೆ ಅವನೂ ಮುಸ್ಸಂಜೆಯನ್ನು ಮರೆತ.

ಮೊದಲು ಬಂಡೆ ಸುಮ್ನೆ ಬೂದು ಬಣ್ಣದಲ್ಲಿರುತ್ತದೆ. ಆಮೇಲೆ ಹಳದಿ, ಕಿತ್ತಳೆ. ಕೆಳಗೆ ಊರಿನಲ್ಲಿ ದೀಪ ಹತ್ತುವ ಹೊತ್ತಿಗೆ ಮೇಲೆ ತುದಿಗಳಷ್ಟೇ ಗುಲಾಬಿಯಾಗಿ ಉಳಿಯುತ್ತವೆ. ಸೈಕಲ್ ಬೆಲ್ ಹೊಡೆದರೆ ಪಕ್ಕಕ್ಕೆ ಸರಿಯಿರಿ, ಸೇತುವೆ ಮೇಲೆ ಅವರಿಗೂ ದಾರಿ ಬೇಕು.