ಯಹೂದಿ ಅತಿಥಿಗೆ ಸ್ವೋರ್ಡ್‌ಫಿಶ್ ಬಡಿಸಬಹುದಾ?

ಅಮೆರಿಕದ ನ್ಯೂಜೆರ್ಸಿಯ ಎಡಿಸನ್, ಹೈಲ್ಯಾಂಡ್ ಪಾರ್ಕ್ ಕಡೆ ಮನೆ ಮಾಡಿದರೆ ಯಹೂದಿ ನೆರೆಯವರು, ಸಹೋದ್ಯೋಗಿಗಳು ಬೇಗ ಪರಿಚಯವಾಗುತ್ತಾರೆ. ಹಂದಿ ತಿನ್ನಲ್ಲ ಅಂತ ನಮಗೆ ಗೊತ್ತಿರುತ್ತೆ, ಹಾಗಾಗಿ ಮೀನು ಮಾಡಿಬಿಡೋಣ ಅಂದುಕೊಳ್ಳುತ್ತೇವೆ. ಅಂಗಡಿಯಲ್ಲಿ ಮುಳ್ಳಿನ ಕಾಟವಿಲ್ಲದ ದಪ್ಪ ಸ್ವೋರ್ಡ್‌ಫಿಶ್ (ಕತ್ತಿಯಂಥ ಮೂತಿಯ ಮೀನು) ತುಂಡು ಕಂಡರೆ ಮಂಗಳೂರಿನವರ ಕೈ ತಾನಾಗೇ ಹೋಗುತ್ತೆ. ಕೇಳದೆ ತರಬೇಡಿ.

ಯಹೂದಿಗಳ ಧರ್ಮಗ್ರಂಥ ತೋರಾದ ಪ್ರಕಾರ ತಿನ್ನಬಹುದಾದ ಮೀನಿಗೆ ಈಜುರೆಕ್ಕೆಯೂ ಬೇಕು, ಹುರುಪೆಯೂ ಬೇಕು. ಎಂಥ ಹುರುಪೆಯಾದರೂ ಸಾಲದು. 13ನೇ ಶತಮಾನದ ಪಂಡಿತ ರಾಂಬಾನ್ ಹೇಳುವಂತೆ, ಕೈಯಿಂದಲೋ ಚಾಕುವಿನಿಂದಲೋ ತೆಗೆದರೆ ಚರ್ಮ ಹರಿಯದೆ ಹುರುಪೆ ಬಿಟ್ಟು ಬರಬೇಕು. ಬಂಗುಡೆಯನ್ನು ಬಾಲದಿಂದ ತಲೆಯ ಕಡೆಗೆ ಉಜ್ಜಿದರೆ ಚಿಕ್ಕ ಚಿಕ್ಕ ಹುರುಪೆ ಬೆರಳಿಗೆ ಅಂಟುತ್ತಲ್ಲ, ಹಾಗೆ.

ಸ್ವೋರ್ಡ್‌ಫಿಶ್ ವಿಷಯ ಇಲ್ಲೇ ತೊಡಕಾಗೋದು. ಮರಿಯಾಗಿದ್ದಾಗ ಮೈಮೇಲೆ ಹುರುಪೆ ಇರುತ್ತೆ, ಬೆಳೆದ ಮೇಲೆ ಕಾಣಿಸಲ್ಲ. ನೀರಿನಿಂದ ಎಳೆಯುವಾಗ ಹುರುಪೆ ಉದುರಿಸಿಕೊಳ್ಳುವ ಮೀನನ್ನು ತಿನ್ನಬಹುದು ಅಂತ ಯಹೂದಿ ಧರ್ಮಶಾಸ್ತ್ರದ ಹಳೆಯ ಗ್ರಂಥ ತಾಲ್ಮುದ್ ಹೇಳುತ್ತೆ; ಇದೇ ಆಧಾರದ ಮೇಲೆ 17ನೇ ಶತಮಾನದಲ್ಲಿ ಟರ್ಕಿಯ ಇಜ್ಮಿರ್‌ನ ರಬ್ಬಿ (ಯಹೂದಿ ಧರ್ಮಗುರು) ಹಾಯಿಮ್ ಬೆನ್ವೆನಿಸ್ತೆ ಕತ್ತಿ ಮೂತಿಯ ಮೀನಿಗೆ ಒಪ್ಪಿಗೆ ಬರೆದರು. ಆದರೆ 1950ರ ದಶಕದಲ್ಲಿ ಅಮೆರಿಕದ ರಬ್ಬಿ ಮೋಶೆ ಟೆಂಡ್ಲರ್, ಇದರ ಹುರುಪೆ ಶಾಸ್ತ್ರ ಹೇಳುವಂಥದ್ದಲ್ಲ, ಇದು ಕೋಷರ್ (ಧರ್ಮ ಒಪ್ಪುವ ಆಹಾರ) ಅಲ್ಲ ಎಂದರು. ಇಲ್ಲಿನ ಆರ್ಥೊಡಾಕ್ಸ್ (ಸಂಪ್ರದಾಯ ಬಿಗಿಯಾಗಿ ಪಾಲಿಸುವ) ಜನ ಇವತ್ತಿಗೂ ತಿನ್ನಲ್ಲ. ಅಷ್ಟು ಬಿಗಿಯಿಲ್ಲದ ಕನ್ಸರ್ವೇಟಿವ್ ಪಂಥದಲ್ಲಿ ತಿನ್ನುವವರಿದ್ದಾರೆ. ಯಾರು ಸರಿ ಅಂತ ನಾವು ತೀರ್ಮಾನ ಮಾಡೋದು ಬೇಡ. ಅತಿಥಿಯನ್ನೇ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ, ಕೇಳಿದ್ದಕ್ಕೆ ಖುಷಿಪಡುತ್ತಾರೆ.

ಸಾಲ್ಮನ್, ಟ್ಯೂನಾ, ಬಂಗುಡೆಗೆ ಈ ಜಗಳವಿಲ್ಲ. ಸಿಗಡಿ, ಏಡಿ, ಶಾರ್ಕ್, ಕ್ಯಾಟ್‌ಫಿಶ್ ಯಾವುದೂ ಆಗಲ್ಲ.

ಇನ್ನೊಂದು ಮಾತು, ನಮ್ಮವರು ಜಾಸ್ತಿ ಎಡವೋದು ಇಲ್ಲೇ. ಮೀನು ಕೋಷರ್ ಆದರೆ ಸಾಲದು, ಪಾತ್ರೆಯೂ ಆಗಿರಬೇಕು. ಕೋಳಿ, ಸಿಗಡಿ ಹುರಿದ ಬಾಣಲೆಯಲ್ಲಿ ಸಾಲ್ಮನ್ ಮಾಡಿಕೊಟ್ಟರೆ ಕಟ್ಟುನಿಟ್ಟಾಗಿ ಪಾಲಿಸುವವರು ಮುಟ್ಟಲ್ಲ. ಅದನ್ನು ಅವಮಾನ ಅಂದುಕೊಳ್ಳಬೇಡಿ, ನಮ್ಮಲ್ಲೂ ಮಡಿ ಅಡುಗೆ ನೋಡಿ ಬೆಳೆದವರಿದ್ದೇವೆ ಅಲ್ವಾ. ಅಂಥವರಿಗೆ ಹೆಚ್ಚದ ಹಣ್ಣು, ವೃತ್ತದೊಳಗೆ ಯು (U) ಅಕ್ಷರದ ಕೋಷರ್ ಗುರುತಿರುವ, ಸೀಲ್ ಒಡೆಯದ ಪ್ಯಾಕೆಟ್, ಪೇಪರ್ ತಟ್ಟೆ ಇಡಿ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಅವರಿಗೆ ಶಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿ ದಿನ, ಹಾಗಾಗಿ ಭಾನುವಾರ ಕರೆಯಿರಿ.