ಬಳ್ಳಾರಿಯಿಂದ ಕೊಪ್ಪಳ ಯಾವ ದಿಕ್ಕಿಗೆ? ಟ್ಯಾನ್ ಇನ್ವರ್ಸ್‌ನಿಂದ ಲೆಕ್ಕ ಹಾಕುವ ಕ್ರಮ

ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಟ್ಯಾನ್ ಇನ್ವರ್ಸ್, ಮ್ಯಾಪಿನಲ್ಲಿ ಬಾಣ ತಿರುಗಿಸುವ ಪ್ರೋಗ್ರಾಂ ಬರೆಯುವಾಗ ನೇರವಾಗಿ ಕೆಲಸಕ್ಕೆ ಬರುತ್ತದೆ.

ಬಳ್ಳಾರಿಯ ಅಕ್ಷಾಂಶ 15.14, ರೇಖಾಂಶ 76.92. ಕೊಪ್ಪಳದ್ದು 15.35 ಮತ್ತು 76.15. ಮೊದಲು ವ್ಯತ್ಯಾಸ ತೆಗೆಯಿರಿ: ಉತ್ತರಕ್ಕೆ 0.21, ಪೂರ್ವಕ್ಕೆ -0.77. ಮೈನಸ್ ಬಂದರೆ ಪಶ್ಚಿಮ ಎಂದರ್ಥ. ರೇಖಾಂಶದ ಒಂದು ಡಿಗ್ರಿ ಸಮಭಾಜಕದಲ್ಲಿ 111 ಕಿ.ಮೀ., ನಮ್ಮಲ್ಲಿ ಸುಮಾರು 107. ಆದ್ದರಿಂದ ಪೂರ್ವದ ಅಂಕಿಯನ್ನು ಸರಾಸರಿ ಅಕ್ಷಾಂಶ 15.25ರ ಕಾಸ್‌ನಿಂದ ಗುಣಿಸಿ, -0.743 ಸಿಗುತ್ತದೆ. ಇಲ್ಲಿ ಎಚ್ಚರ: ಪ್ರೋಗ್ರಾಂನಲ್ಲಿ ಕಾಸ್‌ಗೆ ಡಿಗ್ರಿಯಲ್ಲ, ರೇಡಿಯನ್ ಬೇಕು. 15.25 ಅನ್ನು ಹಾಗೇ ಕೊಟ್ಟರೆ ಕಾಸ್ ಬೆಲೆಯೇ -0.897 ಬಂದು, -0.77ರೊಂದಿಗೆ ಗುಣಿಸಿದಾಗ ಮೈನಸ್ ಹೋಗಿ, ಕೊಪ್ಪಳ ಬಳ್ಳಾರಿಯ ಪೂರ್ವಕ್ಕೆ ಹೋಗಿ ಕೂರುತ್ತದೆ!

ಈಗ ಕೋನ. ಪೂರ್ವದ ಅಂಕಿಯನ್ನು ಉತ್ತರದ ಅಂಕಿಯಿಂದ ಭಾಗಿಸಿ ಅಟಾನ್‌ಗೆ (ಪ್ರೋಗ್ರಾಂನಲ್ಲಿ ಟ್ಯಾನ್ ಇನ್ವರ್ಸ್‌ನ ಹೆಸರು) ಕೊಡುವುದೇ ಬಹಳ ಜನ ಮಾಡುವ ತಪ್ಪು. ಭಾಗಿಸಿದ ಕೂಡಲೇ ಯಾವ ಅಂಕಿಗೆ ಮೈನಸ್ ಇತ್ತೆಂಬುದು ಅಳಿಸಿಹೋಗುತ್ತದೆ. ಬಳ್ಳಾರಿಯಿಂದ ಕೊಪ್ಪಳಕ್ಕೂ -74.2 ಡಿಗ್ರಿ, ಕೊಪ್ಪಳದಿಂದ ಬಳ್ಳಾರಿಗೂ -74.2! ಊರು ನೇರ ಪೂರ್ವಕ್ಕಿದ್ದರೆ ಸೊನ್ನೆಯಿಂದ ಭಾಗಿಸಿ ಪೈಥಾನ್ ಅಲ್ಲೇ ನಿಲ್ಲುತ್ತದೆ.

ಭಾಗಿಸದೆ ಎರಡನ್ನೂ ಬೇರೆಬೇರೆಯಾಗಿ, ಎರಡು ಅಂಕಿ ತೆಗೆದುಕೊಳ್ಳುವ ಅಟಾನ್2ಗೆ ಕೊಡಿ:

ಕೋನ = ಅಟಾನ್2(ಪೂರ್ವ, ಉತ್ತರ)

ಸಿಗುವುದು -1.295 ರೇಡಿಯನ್, ಅಂದರೆ -74.2 ಡಿಗ್ರಿ. 360 ಕೂಡಿಸಿದರೆ 285.8: ಉತ್ತರದಿಂದ ಬಲಸುತ್ತು ಎಣಿಸಿದಾಗ ಪಶ್ಚಿಮ-ವಾಯವ್ಯ. ಮರಳಿ ಬರುವಾಗ 105.8. ಪೈಥಾನ್‌ನಲ್ಲಿ 360ರ ಶೇಷ ತೆಗೆದರೆ ಸಾಕು. ಜಾವಾಸ್ಕ್ರಿಪ್ಟ್‌ನಲ್ಲಿ ಶೇಷವೂ ಮೈನಸ್ಸೇ ಉಳಿಯುವುದರಿಂದ ಮೊದಲು 360 ಕೂಡಿಸಲೇಬೇಕು. ಎಕ್ಸೆಲ್‌ನ ಅಟಾನ್2ರಲ್ಲಿ ಅಂಕಿಗಳ ಕ್ರಮ ತಿರುವುಮುರುವು, ಅಲ್ಲಿ ಉತ್ತರ ಮೊದಲು.

ದೂರ ಹುಡುಕಲು ಕಾಸ್ ಇನ್ವರ್ಸ್ ಬಳಸುವವರಿಗೆ ತೊಂದರೆ ಬೇರೆ. ಎರಡೂ ಬಿಂದು ಒಂದೇ ಆಗಿದ್ದರೆ ಕಾಸ್ ಇನ್ವರ್ಸ್‌ಗೆ ಕೊಡುವ ಬೆಲೆ ಸರಿಯಾಗಿ 1 ಆಗಬೇಕು, ಆದರೆ ದಶಮಾಂಶದ ಸವಕಳಿಯಿಂದ (ಕಂಪ್ಯೂಟರ್ ಕೊನೆಯ ಅಂಕಿಗಳನ್ನು ದುಂಡಾಗಿಸುವುದರಿಂದ) 1.0000000000000002 ಆಗಿಬಿಡಬಹುದು. ಪೈಥಾನ್ ಎರರ್ ಕೊಡುತ್ತದೆ; ಜಾವಾಸ್ಕ್ರಿಪ್ಟ್ ಸದ್ದಿಲ್ಲದೆ 'ನ್ಯಾನ್' (ಸಂಖ್ಯೆಯೇ ಅಲ್ಲ ಎಂಬ ಗುರುತು) ಕೊಟ್ಟು ಮುಂದಿನ ಲೆಕ್ಕವನ್ನೆಲ್ಲ ಕೆಡಿಸುತ್ತದೆ, ಇದೇ ಹೆಚ್ಚು ಅಪಾಯ. ಬೆಲೆಯನ್ನು -1 ಮತ್ತು 1ರ ನಡುವೆ ಹಿಡಿದಿಡಿ:

ಬೆಲೆ = ಮ್ಯಾಕ್ಸ್(-1, ಮಿನ್(1, ಬೆಲೆ))

ಆದರೆ 1.3ರಂಥ ಬೆಲೆ ಬಂದರೆ ಅದು ಸವಕಳಿಯಲ್ಲ, ಸೂತ್ರವೇ ತಪ್ಪಿದೆ. ಹಿಡಿದಿಡುವ ಮೊದಲು ಒಮ್ಮೆ ಪ್ರಿಂಟ್ ಮಾಡಿ ನೋಡಿ.